ಕಸದ ನೆಲದಲ್ಲಿ ಒಂದು ವಂಕಿ ಉಂಗುರ: ಮೆಟಲ್ ಡಿಟೆಕ್ಟರ್ ಸೆಟ್ಟಿಂಗ್ ಕುರಿತ ಪ್ರಕರಣ ಅಧ್ಯಯನ

ಅಮೆರಿಕದ ಒಹಾಯೊ ರಾಜ್ಯದ ಪಶ್ಚಿಮ ಭಾಗದಲ್ಲಿರುವ ಒಂದು ಹಳೆಯ ಸಾರ್ವಜನಿಕ ಪಾರ್ಕಿನಲ್ಲಿ, ಜುಲೈ ತಿಂಗಳ ಒಂದು ಶನಿವಾರ, ಸುತ್ತಲಿನ ಊರುಗಳ ಕನ್ನಡ ಕುಟುಂಬಗಳವರು ನಾವು ವನಭೋಜನಕ್ಕೆ ಸೇರಿದ್ದೆವು. ಊಟಕ್ಕೆ ಮುಂಚೆ ಮಕ್ಕಳು ದೊಡ್ಡವರೆಲ್ಲ ಸೇರಿ ಲಗೋರಿ ಆಡಿದರು. ಊಟವಾದ ಮೇಲೆ ಹಗ್ಗ ಜಗ್ಗಾಟ ನಡೆಯಿತು. ಸಂಜೆ ಪಾತ್ರೆಗಳನ್ನು ಕಾರಿಗೆ ತುಂಬುವ ಹೊತ್ತಿಗೆ ಗೆಳತಿಯೊಬ್ಬರು ತಮ್ಮ ಬಲಗೈ ಬೆರಳು ನೋಡಿಕೊಂಡರು. ಅಲ್ಲಿರಬೇಕಾದ ವಂಕಿ ಉಂಗುರ ಇರಲಿಲ್ಲ. ಇಪ್ಪತ್ತೆರಡು ಕ್ಯಾರೆಟ್ ಚಿನ್ನ, ಹೆಚ್ಚುಕಡಿಮೆ ಆರು ಗ್ರಾಂ, ಅವರ ತಾಯಿ ಮದುವೆಯಲ್ಲಿ ಹಾಕಿಕೊಂಡಿದ್ದು. ಹವ್ಯಾಸಕ್ಕೆಂದು ಮೆಟಲ್ ಡಿಟೆಕ್ಟರ್ ಇಟ್ಟುಕೊಂಡಿರುವವನು ಗುಂಪಿನಲ್ಲಿ ನಾನೊಬ್ಬನೇ ಆದದ್ದರಿಂದ ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು. ಆ ಸಂಜೆ ನಾನು ಸೋತದ್ದು, ಮರುದಿನ ಅದೇ ಯಂತ್ರ ಅದೇ ನೆಲದಲ್ಲಿ ಉಂಗುರ ತೋರಿಸಿಕೊಟ್ಟದ್ದು, ನಡುವೆ ಏನೇನು ಬದಲಾಯಿತು ಎಂಬುದನ್ನು ಇಲ್ಲಿ ವಿವರವಾಗಿ ದಾಖಲಿಸುತ್ತಿದ್ದೇನೆ.

ಹುಡುಕಬೇಕಾದ ಜಾಗ ಎಷ್ಟು ಎಂಬುದನ್ನು ಫೋಟೊಗಳು ನಿರ್ಧರಿಸಿದವು. ಯಾರದೋ ಫೋನಿನಲ್ಲಿ, ಎಲೆಯ ಮುಂದೆ ಕೂತು ಬಿಸಿಬೇಳೆ ಭಾತ್ ಕಲೆಸುತ್ತಿರುವ ಅವರ ಕೈಯಲ್ಲಿ ವಂಕಿ ಸ್ಪಷ್ಟವಾಗಿ ಕಾಣುತ್ತಿತ್ತು. ಹಗ್ಗ ಜಗ್ಗಾಟ ಮುಗಿದ ಮೇಲೆ ಮಜ್ಜಿಗೆ ಲೋಟ ಹಿಡಿದು ನಿಂತ ಚಿತ್ರದಲ್ಲಿ ಬೆರಳು ಬೋಳಾಗಿತ್ತು. ಆದ್ದರಿಂದ ಊಟದ ಮಂಟಪಕ್ಕೂ ಹಗ್ಗ ಎಳೆದ ಜಾಗದ ಆಚೆಗಿದ್ದ ಮೇಪಲ್ ಮರಕ್ಕೂ ನಡುವಿನ ಸುಮಾರು 20 ಮೀಟರ್ ಉದ್ದ, 12 ಮೀಟರ್ ಅಗಲದ ಹುಲ್ಲುನೆಲ ನಮ್ಮ ಕ್ಷೇತ್ರವಾಯಿತು. ಪಾರ್ಕ್ ಸಿಬ್ಬಂದಿಯ ಅನುಮತಿ ಸಿಕ್ಕಿತು, ಆದರೆ ಒಂದು ಷರತ್ತಿನ ಮೇಲೆ: ಸಲಿಕೆ ಹಾಕಿ ಅಗೆಯುವಂತಿಲ್ಲ, ಹುಲ್ಲು ಸರಿಸಿ ಸ್ಕ್ರೂಡ್ರೈವರ್ ಮೊನೆಯಿಂದ ಕೆದಕಬಹುದು ಅಷ್ಟೆ.

ನೆಲದ ಕಸ

ಈ ನೆಲದಲ್ಲಿ ಮೂರು ಬಗೆಯ ಕಸವಿತ್ತು, ಮೂರೂ ಡಿಟೆಕ್ಟರಿಗೆ ಬೇರೆ ಬೇರೆ ರೀತಿಯ ತೊಂದರೆ ಕೊಡುವಂಥವು. ಮೊದಲನೆಯದು ಕ್ಯಾನುಗಳ ಪುಲ್ ಟ್ಯಾಬ್. ಡಬ್ಬಿಯಿಂದ ಉಂಗುರ ಹಿಡಿದು ಕಿತ್ತು ಬಿಸಾಡುವ ಈ ಅಲ್ಯೂಮಿನಿಯಂ ಪಟ್ಟಿಯ ಹುಟ್ಟೂರು ಇದೇ ಒಹಾಯೊ. ಡೇಟನ್ ನಗರದ ಅರ್ಮಲ್ ಫ್ರೇಜ್ 1959ರಲ್ಲಿ ವನಭೋಜನಕ್ಕೆ ಹೋದಾಗ ಕ್ಯಾನ್ ತೆರೆಯುವ ಸಾಧನ ಮರೆತು, ಕಾರಿನ ಬಂಪರಿಗೆ ಕುಟ್ಟಿ ತೆರೆಯಬೇಕಾಗಿ ಬಂದದ್ದೇ ಆ ಆವಿಷ್ಕಾರಕ್ಕೆ ಕಾರಣವಾಯಿತೆಂದು ಹೇಳುತ್ತಾರೆ. ಅವರಿಗೆ 1960ರ ದಶಕದಲ್ಲಿ ಪೇಟೆಂಟ್ ಸಿಕ್ಕಿತು. ಡೇನಿಯಲ್ ಕುಡ್ಜಿಕ್ 1975ರಲ್ಲಿ ಡಬ್ಬಿಗೇ ಅಂಟಿಕೊಂಡಿರುವ ಟ್ಯಾಬ್ ತಂದು ಅದು ಬಳಕೆಗೆ ಬರುವ ತನಕ, ಹತ್ತು ಹದಿನೈದು ವರ್ಷಗಳ ವನಭೋಜನಗಳೆಲ್ಲ ತಮ್ಮ ಟ್ಯಾಬುಗಳನ್ನು ಹುಲ್ಲಿನಲ್ಲೇ ಬಿಟ್ಟು ಹೋದವು. ಅಲ್ಯೂಮಿನಿಯಂ ತುಕ್ಕು ಹಿಡಿದು ಕರಗುವುದಿಲ್ಲವಾದ್ದರಿಂದ ಅವೆಲ್ಲ ಈಗಲೂ ಅಲ್ಲೇ ಇವೆ.

ಎರಡನೆಯದು ಸೋಡಾ ಮತ್ತು ಬಿಯರ್ ಬಾಟಲಿಗಳ ಬಿರಡೆ. ಇದು ಉಕ್ಕಿನದು, ಆದರೆ ಚಪ್ಪಟೆ ಮತ್ತು ದುಂಡಗೆ ಇರುವುದರಿಂದ ಮೊಳೆಯ ಹಾಗೆ ಸುಮ್ಮನೆ ಕಬ್ಬಿಣವೆಂದು ಒಪ್ಪಿಕೊಳ್ಳುವುದಿಲ್ಲ. ಒಮ್ಮೊಮ್ಮೆ ನಾಣ್ಯದ ದನಿಯನ್ನೇ ತೆಗೆಯುತ್ತದೆ. ಮೂರನೆಯದು ಅಲ್ಯೂಮಿನಿಯಂ ಫಾಯಿಲ್. ಬಾರ್ಬೆಕ್ಯೂ ಒಲೆಗಳ ಸುತ್ತ ಬಿದ್ದಿದ್ದ ಹಳೆಯ ಫಾಯಿಲ್ ಒಂದಿಷ್ಟಾದರೆ, ಉಳಿದದ್ದು ಅದೇ ಮಧ್ಯಾಹ್ನ ನಾವೇ ಚಿತ್ರಾನ್ನ ಮುಚ್ಚಿ ತಂದು ಹರಿದು ಚೆಲ್ಲಿದ್ದು ಎಂದು ಒಪ್ಪಿಕೊಳ್ಳಬೇಕು. ಮುದ್ದೆ ಮಾಡಿದ ಫಾಯಿಲ್ ತುಂಡು ತನ್ನ ಗಾತ್ರಕ್ಕೆ ತಕ್ಕಂತೆ, ಲೋಹದ ಬಗೆ ಸೂಚಿಸಲು ಡಿಟೆಕ್ಟರ್ ತೆರೆಯ ಮೇಲೆ ಕೊಡುವ ಯಾವ ಸಂಖ್ಯೆಯನ್ನಾದರೂ ತೋರಿಸಬಲ್ಲದು.

ಮಣ್ಣಿನ ವಿಷಯದಲ್ಲಿ ಮಾತ್ರ ಅದೃಷ್ಟ ನಮ್ಮ ಕಡೆಗಿತ್ತು. ಪಶ್ಚಿಮ ಒಹಾಯೊದ ನೆಲ ಹಿಮನದಿಗಳು ಬಿಟ್ಟು ಹೋದ ಜೇಡಿಮಣ್ಣು. ಕಬ್ಬಿಣದ ಅಂಶದ ಕಾಟ ಕಡಿಮೆ, ಗ್ರೌಂಡ್ ಬ್ಯಾಲೆನ್ಸ್, ಅಂದರೆ ಮಣ್ಣಿನದೇ ದನಿ ಬಾರದಂತೆ ಯಂತ್ರವನ್ನು ಹೊಂದಿಸುವುದು, ಒಂದೇ ಸಲಕ್ಕೆ ಕೂತಿತು. ಸಂಡೂರಿನ ಕೆಂಪು ನೆಲದಲ್ಲಿ ಇದೇ ಕೆಲಸ ಮಾಡಬೇಕಾಗಿ ಬಂದಿದ್ದರೆ ಮೊದಲ ಗಂಟೆಯೆಲ್ಲ ಮಣ್ಣಿನೊಡನೆ ರಾಜಿ ಮಾಡಿಕೊಳ್ಳುವುದರಲ್ಲೇ ಕಳೆಯುತ್ತಿತ್ತು.

ಶನಿವಾರ ಸಂಜೆಯ ಸೋಲು

ನನ್ನ ಯಂತ್ರ ಮೈನ್‌ಲ್ಯಾಬ್ ಕಂಪನಿಯ ಈಕ್ವಿನಾಕ್ಸ್ 800. ಇದರ ಕಾಯಿಲ್, ಅಂದರೆ ಕೋಲಿನ ತುದಿಯಲ್ಲಿ ನೆಲದ ಮೇಲೆ ಬೀಸುವ ತಟ್ಟೆ, ನೆಲಕ್ಕೆ ಒಂದೇ ವೇಳೆ ಹಲವು ಕಂಪನಾಂಕಗಳ ಕಾಂತಕ್ಷೇತ್ರ ಬಿಡುತ್ತದೆ. ಅದು ಲೋಹದೊಳಗೆ ಸುಳಿ ವಿದ್ಯುತ್ ಹುಟ್ಟಿಸುತ್ತದೆ. ಆ ಸುಳಿ ವಿದ್ಯುತ್ ಹಿಂದಕ್ಕೆ ಕಳಿಸುವ ಕ್ಷೇತ್ರ ಎಷ್ಟು ತಡವಾಗಿ ಬಂತು ಎಂಬುದರ ಮೇಲೆ ಲೋಹ ಯಾವ ಬಗೆಯದೆಂದು ಯಂತ್ರ ಊಹಿಸುತ್ತದೆ. ಊಹೆ ಒಂದು ಸಂಖ್ಯೆಯ ರೂಪದಲ್ಲಿ ತೆರೆಯ ಮೇಲೆ ಬರುತ್ತದೆ: -9ರಿಂದ 40ರ ತನಕ. ಸೊನ್ನೆಯಿಂದ ಕೆಳಗಿನದು ಸಾಮಾನ್ಯವಾಗಿ ಕಬ್ಬಿಣ, ಮೇಲುತುದಿಯದು ದಪ್ಪ ಬೆಳ್ಳಿ ಮತ್ತು ತಾಮ್ರ. ಚಿನ್ನದ ಆಭರಣ ಬೀಳುವುದು ನಡುವೆ, ಅಲ್ಯೂಮಿನಿಯಂ ಕಸದ ಮಧ್ಯದಲ್ಲಿಯೇ.

ಆ ಸಂಜೆ ಬೆಳಕು ಕಡಿಮೆಯಾಗುತ್ತಿತ್ತು, ಉಂಗುರ ಕಳೆದುಕೊಂಡವರು ಬೆನ್ನ ಹಿಂದೆಯೇ ನಿಂತಿದ್ದರು. ಆತುರದಲ್ಲಿ ನಾನು ಮಾಡಿದ್ದೆಲ್ಲ ಅಭ್ಯಾಸಬಲದಿಂದ ಮಾಡಿದ್ದು. ಯಂತ್ರಕ್ಕೆ ಹಾಕಿಯೇ ಇದ್ದ 11 ಇಂಚಿನ ಕಾಯಿಲ್ ಹಾಗೇ ಉಳಿಯಿತು. ಚಿಕ್ಕ ವಸ್ತು ತಪ್ಪಬಾರದೆಂದು ಸೆನ್ಸಿಟಿವಿಟಿಯನ್ನು, ಅಂದರೆ ಕ್ಷೀಣ ಸಂಕೇತಕ್ಕೂ ಯಂತ್ರ ಸ್ಪಂದಿಸುವ ಮಟ್ಟವನ್ನು, 20ರಿಂದ 23ಕ್ಕೆ ಏರಿಸಿದೆ. ಗರಿಷ್ಠ ಮಿತಿ 25. ಕಬ್ಬಿಣದ ಸಂಖ್ಯೆಗಳನ್ನು ಪೂರ್ತಿ ಮೌನಗೊಳಿಸಿದೆ. ಪರಿಣಾಮ ಕಿವಿ ಕಚ್ಚುವಂತಿತ್ತು. ಎರಡು ಹೆಜ್ಜೆಗೊಂದು ದನಿ, ಒಂದು ದನಿ ಮುಗಿಯುವ ಮುಂಚೆ ಇನ್ನೊಂದು, ತೆರೆಯ ಮೇಲೆ ಸಂಖ್ಯೆ ನಿಲ್ಲದೆ ಕುಣಿಯುವುದು. ಒಂದೂವರೆ ಗಂಟೆಯಲ್ಲಿ 27 ವಸ್ತುಗಳನ್ನು ಹೆಕ್ಕಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪುಲ್ ಟ್ಯಾಬ್.

ನಿಜವಾದ ತಪ್ಪು ಆದದ್ದು ಅದರ ನಂತರ. ಟ್ಯಾಬುಗಳೆಲ್ಲ 11ರಿಂದ 18ರ ನಡುವೆ ಬರುತ್ತಿರುವುದನ್ನು ಗಮನಿಸಿ ಆ ಸಂಖ್ಯೆಗಳನ್ನೂ ಮೌನಗೊಳಿಸಿಬಿಟ್ಟೆ. ತಕ್ಷಣ ಯಂತ್ರ ಸಾಧುವಾಯಿತು. ಆ ನಿಶ್ಶಬ್ದ ಎಷ್ಟು ಹಿತವಾಗಿತ್ತೆಂದರೆ, ಇನ್ನೊಂದು ಅರ್ಧ ಗಂಟೆ ಸರಾಗವಾಗಿ ಕಾಯಿಲ್ ಬೀಸುತ್ತ, ಕೆಲಸ ಈಗ ದಾರಿಗೆ ಬಂತೆಂದೇ ನಂಬಿದ್ದೆ. ಹುಡುಕುತ್ತಿದ್ದ ವಸ್ತುವಿನ ಬಾಯಿಯನ್ನೇ ನಾನು ಮುಚ್ಚಿದ್ದೆ ಎಂದು ಹೊಳೆದದ್ದು ಮನೆಗೆ ಕಾರು ಓಡಿಸುವಾಗ.

ಹಿತ್ತಿಲಿನ ಪರೀಕ್ಷೆ

ರಾತ್ರಿ ಊಟವಾದ ಮೇಲೆ ಹೆಂಡತಿಯ ವಂಕಿಯನ್ನು ಕೇಳಿ ತೆಗೆದುಕೊಂಡು ಹಿತ್ತಿಲ ಹುಲ್ಲಿನ ಮೇಲಿಟ್ಟೆ. ಅದೂ ಇಪ್ಪತ್ತೆರಡು ಕ್ಯಾರೆಟ್, ತೂಕ ಐದು ಗ್ರಾಮಿಗೆ ತುಸು ಹೆಚ್ಚು. ಯಂತ್ರದ ಸಂಖ್ಯೆ 17 ಎಂದಿತು, ಆಗಾಗ 16. ಶನಿವಾರ ನಾನು ಮೌನಗೊಳಿಸಿದ ಸಾಲಿನ ಒಳಗೇ ಇತ್ತು. ಪುಲ್ ಟ್ಯಾಬಿಗೂ ಚಿನ್ನಕ್ಕೂ ಇಲ್ಲಿ ವ್ಯತ್ಯಾಸವಿಲ್ಲದಿರುವುದಕ್ಕೆ ಯಂತ್ರವನ್ನು ದೂರುವಂತಿಲ್ಲ. ಅಪ್ಪಟ ಚಿನ್ನ ಒಳ್ಳೆಯ ವಿದ್ಯುತ್ ವಾಹಕ. ಆದರೆ ಗಟ್ಟಿತನಕ್ಕೆಂದು ಅದರಲ್ಲಿ ತಾಮ್ರ, ಬೆಳ್ಳಿ ಬೆರೆಸಿದೊಡನೆ ಆ ಗುಣ ಬಹಳಷ್ಟು ಕುಗ್ಗುತ್ತದೆ. ಜೊತೆಗೆ ಗಾತ್ರ ಮತ್ತು ಆಕಾರವೂ ಸೇರಿಕೊಂಡು ಉಂಗುರದ ಸಂಖ್ಯೆ ಟ್ಯಾಬಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಒಂದು ಕಡೆ ನಾಣ್ಯ ಹುಡುಕುವವನು ಟ್ಯಾಬುಗಳನ್ನು ಕೈಬಿಟ್ಟು ನೆಮ್ಮದಿಯಾಗಿರಬಹುದು. ಚಿನ್ನ ಹುಡುಕುವವನಿಗೆ ಆ ಸೌಲಭ್ಯವಿಲ್ಲ.

ಇನ್ನು ವಂಕಿಯ ಪಕ್ಕದಲ್ಲಿ ಕಸ ಇಟ್ಟರೆ ಏನಾಗುತ್ತದೆ ಎಂದು ನೋಡಬೇಕಿತ್ತು. ಸಂಜೆ ಹೆಕ್ಕಿ ತಂದ ಬಾಟಲಿ ಬಿರಡೆಯೊಂದನ್ನು ಉಂಗುರದಿಂದ ನಾಲ್ಕು ಬೆರಳ ಅಂತರದಲ್ಲಿಟ್ಟು 11 ಇಂಚಿನ ಕಾಯಿಲ್ ಬೀಸಿದೆ. ಎರಡು ವಸ್ತುವಿಗೆ ಎರಡು ದನಿ ಬರಬೇಕಿದ್ದ ಕಡೆ ಮುರಿದ ಒಂದೇ ದನಿ ಬಂತು. ಸಂಖ್ಯೆ ಒಮ್ಮೆ 9, ಒಮ್ಮೆ 21. ಕಬ್ಬಿಣ ಮೌನಗೊಳಿಸಿದ್ದಾಗಲಂತೂ ಅದೂ ಇಲ್ಲ, ಬರೀ ಒಂದು ಚಿಟುಕು. ಮೌನಗೊಳಿಸುವುದೆಂದರೆ ಆ ವಸ್ತುವನ್ನು ಯಂತ್ರ ನೋಡದೆ ಇರುವುದಲ್ಲ; ನೋಡಿ, ಅದು ಕಣ್ಣಿನಿಂದ ಮರೆಯಾಗುವವರೆಗೂ ಬಾಯಿ ಮುಚ್ಚಿಕೊಂಡಿರುವುದು. ಆ ಗಳಿಗೆಯಲ್ಲಿ ಪಕ್ಕದಲ್ಲಿರುವ ಒಳ್ಳೆಯ ವಸ್ತು ದಾಟಿಹೋದರೆ ಅದರ ದನಿಯೂ ನುಂಗಿಹೋಗುತ್ತದೆ. ಹವ್ಯಾಸಿಗಳು ಮಾಸ್ಕಿಂಗ್ ಎನ್ನುವುದು ಇದಕ್ಕೇ.

ಇದು ಬಹಳ ಹಳೆಯ ಕಾಟ. ಒಹಾಯೊದವರೇ ಆದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ 1881ರ ಜುಲೈಯಲ್ಲಿ ಗುಂಡು ತಗುಲಿದಾಗ, ದೇಹದೊಳಗಿನ ಗುಂಡನ್ನು ಪತ್ತೆಹಚ್ಚಲು ಅಲೆಗ್ಸಾಂಡರ್ ಗ್ರಹಾಂ ಬೆಲ್ ಒಂದು ವಿದ್ಯುತ್ ಸಾಧನ ಮಾಡಿ ಶ್ವೇತಭವನಕ್ಕೆ ತಂದರು. ವೈದ್ಯರು ದೇಹದ ಒಂದೇ ಪಕ್ಕ ಹುಡುಕಲು ಬಿಟ್ಟರು, ಗುಂಡು ಇದ್ದದ್ದು ಇನ್ನೊಂದು ಪಕ್ಕ. ಸಾಲದ್ದಕ್ಕೆ ಹಾಸಿಗೆಯೊಳಗಿನ ಉಕ್ಕಿನ ತಂತಿಗಳು ಕಿವಿಗೆ ಸುಳ್ಳು ದನಿ ಕೊಡುತ್ತಿದ್ದವು. ನನ್ನ ಬಿರಡೆಗಳು ಅದೇ ವಂಶದವು.

ಆಮೇಲೆ ಒಂದೊಂದಾಗಿ ಸೆಟ್ಟಿಂಗ್ ಬದಲಿಸುತ್ತ ಹೋದೆ. ಒಂದು ಸಲಕ್ಕೆ ಒಂದನ್ನು ಮಾತ್ರ, ಇಲ್ಲವಾದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಹೆಚ್ಚು ಫಲ ಕೊಟ್ಟದ್ದು ಸೆಟ್ಟಿಂಗೇ ಅಲ್ಲದ ಒಂದು ಬದಲಾವಣೆ: 6 ಇಂಚಿನ ಕಾಯಿಲ್. ಒಂದು ಸಲಕ್ಕೆ ಕಡಿಮೆ ನೆಲ ನೋಡುವ ಕಾಯಿಲ್ ಕೆಳಗೆ ಒಂದೇ ಹೊತ್ತಿಗೆ ಎರಡು ವಸ್ತು ಬರುವ ಸಂಭವ ಕಡಿಮೆ. ಎರಡನೆಯದು ರಿಕವರಿ ಸ್ಪೀಡ್, ಅಂದರೆ ಒಂದು ವಸ್ತುವಿಗೆ ದನಿ ಕೊಟ್ಟು ಮುಗಿಸಿ ಮುಂದಿನದಕ್ಕೆ ಸಿದ್ಧವಾಗುವ ಚುರುಕು. ಇದು 1ರಿಂದ 8ರ ತನಕ ಇದೆ. ನಾನು 5ರಿಂದ 7ಕ್ಕೆ ತಂದೆ. ಚುರುಕು ಹೆಚ್ಚಿಸಿದಷ್ಟೂ ಆಳ ಕಡಿಮೆಯಾಗುತ್ತದೆ, ದನಿಯೂ ಮೊಟಕಾಗುತ್ತದೆ. ಆದರೆ ನಮ್ಮ ಉಂಗುರ ಬಿದ್ದು ಒಂದು ದಿನವೂ ಆಗಿರಲಿಲ್ಲ. ಅದು ಹುಲ್ಲಿನ ಬುಡದಲ್ಲಿರಬೇಕೇ ಹೊರತು ನೆಲದ ಆಳದಲ್ಲಲ್ಲ. ಆಳ ಬೇಡವೆಂದಾದ ಮೇಲೆ ಸೆನ್ಸಿಟಿವಿಟಿಯನ್ನು 23ರಲ್ಲಿ ಇಡುವುದಕ್ಕೆ ಯಾವ ಕಾರಣವೂ ಉಳಿಯಲಿಲ್ಲ. 14ಕ್ಕೆ ಇಳಿಸಿದೆ. ಐವತ್ತು ವರ್ಷ ಹಿಂದೆ ಹೂತುಹೋದ ಟ್ಯಾಬುಗಳಲ್ಲಿ ಎಷ್ಟೋ ಇದರಿಂದ ತಾವಾಗಿಯೇ ಸುಮ್ಮನಾಗುತ್ತವೆ. ಕಸ ಜಾಸ್ತಿಯಿರುವ ಕಡೆ ಶಕ್ತಿ ಹೆಚ್ಚಿಸಬೇಕೆಂಬುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ನನಗೂ ಹೊಳೆದದ್ದು ಅದೇ. ಅದು ಗದ್ದಲದ ಕೋಣೆಯಲ್ಲಿ ರೇಡಿಯೊದ ದನಿ ಜೋರು ಮಾಡಿದ ಹಾಗೆ.

ಐರನ್ ಬಯಾಸ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇಲ್ಲಿ ನಾನು ಬಹುಮಂದಿ ಕೊಡುವ ಸಲಹೆಗೆ ವಿರುದ್ಧವಾಗಿ ನಡೆದೆ. ವಸ್ತು ಕಬ್ಬಿಣವೋ ಅಲ್ಲವೋ ಎಂಬ ಅನುಮಾನ ಬಂದಾಗ ತೀರ್ಪು ಎಷ್ಟರಮಟ್ಟಿಗೆ ಕಬ್ಬಿಣದ ಕಡೆಗೆ ವಾಲಬೇಕು ಎಂಬುದನ್ನು ಈ ಸೆಟ್ಟಿಂಗ್ ನಿರ್ಧರಿಸುತ್ತದೆ. ಬಾಟಲಿ ಬಿರಡೆಗಳ ನಾಟಕ ತಡೆಯಲು ಇದನ್ನು ಏರಿಸಿ ಎನ್ನುತ್ತಾರೆ. 2019ರ ಸಾಫ್ಟ್‌ವೇರ್ ಬದಲಾವಣೆಯಲ್ಲಿ ಬಂದ ಎಫ್2 ಎಂಬ ಬಗೆಯಲ್ಲಿ ಇದು ಬಿರಡೆಗಳ ಮೇಲೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಬಿರಡೆಯನ್ನು ಒಂಟಿಯಾಗಿಟ್ಟು ನೋಡಿದಾಗ ಅದು ಕಬ್ಬಿಣದ ಗೊಗ್ಗರು ದನಿಗೆ ಇಳಿಯಿತು, ನಿಜ. ಆದರೆ ಅದರ ಪಕ್ಕದಲ್ಲಿ ವಂಕಿಯಿಟ್ಟರೆ ವಂಕಿಯೂ ಅದೇ ಗೊಗ್ಗರಿನಲ್ಲಿ ಮುಳುಗಿತು. 1ಕ್ಕೆ ಇಳಿಸಿದಾಗ ವಂಕಿ ಮೇಲೆ ಬಂತು, ಬಿರಡೆಗಳೂ ಮತ್ತೆ ನಾಣ್ಯದ ವೇಷ ಹಾಕಿದವು. ಬಿರಡೆಯನ್ನು ಬೇರೆ ಉಪಾಯದಿಂದ ಗುರುತಿಸಬಹುದು. ಕಾಯಿಲನ್ನು ಅದರ ಮೇಲಿಂದ ನಿಧಾನವಾಗಿ ಹಿಂದಕ್ಕೆ ಎಳೆದು ಕಾಯಿಲಿನ ಅಂಚು ಮಾತ್ರ ತಾಗುವ ಹಾಗೆ ಬೀಸಿದರೆ ಉಕ್ಕು ತನ್ನ ನಿಜದನಿ ತೆಗೆಯುತ್ತದೆ, ಚಿನ್ನ ಮತ್ತು ಅಲ್ಯೂಮಿನಿಯಂ ಹಾಗೆ ಮಾಡುವುದಿಲ್ಲ. ನುಂಗಿಹೋದ ಉಂಗುರವನ್ನು ಹೊರಗೆ ತೆಗೆಯಲು ಅಂಥ ಉಪಾಯವಿಲ್ಲ. ಹಾಗಾಗಿ 1ರಲ್ಲೇ ಬಿಟ್ಟೆ.

ಉಳಿದದ್ದು ಡಿಸ್ಕ್ರಿಮಿನೇಷನ್, ಅಂದರೆ ಯಾವ ಸಂಖ್ಯೆಗಳನ್ನು ಮೌನಗೊಳಿಸಬೇಕೆಂಬ ಆಯ್ಕೆ. ಅದನ್ನು ಪೂರ್ತಿ ತೆರೆದೆ, ಏನನ್ನೂ ಮೌನಗೊಳಿಸಲಿಲ್ಲ. ಬದಲಾಗಿ ಐದು ದನಿಗಳ ವ್ಯವಸ್ಥೆ ಆರಿಸಿ, ಗಡಿಗಳನ್ನು ಸರಿಸಿ, 10ರಿಂದ 22ರವರೆಗಿನ ಸಂಖ್ಯೆಗಳಿಗೆಲ್ಲ ಒಂದು ಪ್ರತ್ಯೇಕ ಎತ್ತರದ ದನಿ ಕೊಟ್ಟೆ. ಪಕ್ಕದ ಕಸದಿಂದಾಗಿ ಸಂಖ್ಯೆ ಅತ್ತಿತ್ತ ಜಾರುವುದನ್ನು ಕಂಡಿದ್ದರಿಂದ ಗಡಿ ಅಷ್ಟು ಅಗಲ. ಕಬ್ಬಿಣದ ದನಿಯ ಗಾತ್ರವನ್ನು ತಗ್ಗಿಸಿದೆ, ಕೇಳಿಸಬೇಕು ಆದರೆ ಕಾಡಬಾರದು ಎಂಬಷ್ಟು. ಯಂತ್ರದಲ್ಲಿ ಮೊದಲೇ ಇರುವ ವಿಧಾನಗಳಲ್ಲಿ ಪಾರ್ಕ್ 1 ಬಿಟ್ಟು ಪಾರ್ಕ್ 2 ಎಂಬುದಕ್ಕೆ ಹೋದೆ. ಇದು ಮೇಲಿನ ಕಂಪನಾಂಕಗಳಿಗೆ ಒತ್ತು ಕೊಡುತ್ತದೆ, ಸಣ್ಣ ಆಭರಣಕ್ಕೆ ಹೆಚ್ಚು ಒಗ್ಗುತ್ತದೆ.

ಮಲಗುವ ಮುಂಚೆ ಕೊನೆಯದಾಗಿ ಗಮನಿಸಿದ ಒಂದು ಸಂಗತಿ ಮರುದಿನ ನಿರ್ಣಾಯಕವಾಯಿತು. ಈ ಕಾಯಿಲ್ ಡಬಲ್ ಡಿ ಬಗೆಯದು: ಎರಡು ಸುರುಳಿಗಳು ನಡುವೆ ಒಂದರ ಮೇಲೊಂದು ಹಾಯುವುದರಿಂದ ಅದು ನೆಲವನ್ನು ಕಾಣುವುದು ಮುಂದಿನಿಂದ ಹಿಂದಕ್ಕೆ ಎಳೆದ ಕಿರಿದಾದ ಒಂದು ಪಟ್ಟಿಯಲ್ಲಿ, ಕುಡುಗೋಲಿನ ಅಲಗಿನ ಹಾಗೆ. ಬಿರಡೆ ಮತ್ತು ಉಂಗುರ ಬೀಸಿನ ದಿಕ್ಕಿನಲ್ಲಿ ಅಕ್ಕಪಕ್ಕ ಇದ್ದರೆ ಅಲಗು ಒಂದಾದ ಮೇಲೊಂದನ್ನು ದಾಟುತ್ತದೆ, ಎರಡು ದನಿ ಬರುತ್ತವೆ. ಒಂದರ ಹಿಂದೆ ಒಂದು ಇದ್ದರೆ ಎರಡೂ ಒಟ್ಟಿಗೆ ಅಲಗಿನ ಕೆಳಗೆ ಬಂದು ಕಲಸುಮೇಲೋಗರವಾಗುತ್ತದೆ. ಚಿಕ್ಕ ಕಾಯಿಲ್ ಇದ್ದರೂ, ರಿಕವರಿ 7 ಇದ್ದರೂ ಅಷ್ಟೆ. ನಾನು ಮಾತ್ರ ತೊಂಬತ್ತು ಡಿಗ್ರಿ ತಿರುಗಿ ನಿಂತರೆ ಅದೇ ಜೋಡಿ ಬಿಡಿಸಿಕೊಳ್ಳುತ್ತದೆ. ಇದಕ್ಕೆ ಯಂತ್ರದಲ್ಲಿ ಗುಂಡಿಯಿಲ್ಲ.

ಭಾನುವಾರ

ಬೆಳಿಗ್ಗೆ ಏಳಕ್ಕೆ ಹೋಗಿ ನೆಲಕ್ಕೆ ಸೆಣಬಿನ ದಾರ ಕಟ್ಟಿ ಮೀಟರ್ ಅಗಲದ ಹನ್ನೆರಡು ಸಾಲು ಮಾಡಿಕೊಂಡೆವು. ಯಂತ್ರಕ್ಕೆ ಅದರ ಅಡ್ಡಿ ಬೇಡವೆಂದು ಫೋನನ್ನು ಕಾರಿನಲ್ಲಿ ಬಿಟ್ಟೆ. ಅದಕ್ಕೂ ಮೊದಲು ಮಂದಿಯನ್ನೆಲ್ಲ ಸೇರಿಸಿ ಕಣ್ಣಿಗೆ ಕಾಣುವ ಫಾಯಿಲ್ ಚೂರುಗಳನ್ನು ಕೈಯಿಂದಲೇ ಆರಿಸಿದೆವು. ಒಂದು ಪ್ಲಾಸ್ಟಿಕ್ ಚೀಲದ ಕಾಲುಭಾಗ ತುಂಬಿತು. ಈ ಇಪ್ಪತ್ತು ನಿಮಿಷದ ಕೆಲಸದಷ್ಟು ಯಂತ್ರವನ್ನು ಶಾಂತಗೊಳಿಸಿದ ಸೆಟ್ಟಿಂಗ್ ಬೇರೊಂದಿಲ್ಲ ಎನ್ನಬೇಕು.

ಚಿಕ್ಕ ಕಾಯಿಲಿನ ಬೆಲೆ ಸಮಯದಲ್ಲಿ ತೆರಬೇಕು. ಸಾಲಿನಲ್ಲಿ ಒಂದೊಂದು ಬೀಸಿಗೆ ಏಳು ಸೆಂಟಿಮೀಟರ್ ಮುಂದೆ ಹೋದರೆ ಹನ್ನೆರಡು ಸಾಲಿಗೆ ಮೂರು ಸಾವಿರದ ನಾನೂರಕ್ಕೂ ಹೆಚ್ಚು ಬೀಸು. ಒಂದಕ್ಕೆ ಎರಡು ಸೆಕೆಂಡ್ ಎಂದರೂ ಹತ್ತಿರ ಹತ್ತಿರ ಎರಡು ಗಂಟೆ. ಉದ್ದದ ದಿಕ್ಕಿನಲ್ಲಿ ಇಡೀ ನೆಲ ಮುಗಿಯುವ ಹೊತ್ತಿಗೆ ಒಂಬತ್ತೂವರೆ ದಾಟಿತ್ತು. ನನಗೆ ಬೇಕಾದ ಎತ್ತರದ ದನಿ 19 ಕಡೆ ಬಂತು, ಹತ್ತೊಂಬತ್ತನ್ನೂ ಹುಲ್ಲು ಸರಿಸಿ ನೋಡಿದೆ: ಟ್ಯಾಬು, ಫಾಯಿಲ್ ಮುದ್ದೆ, ಒಂದು ಐದು ಸೆಂಟಿನ ನಾಣ್ಯ, ಪೆನ್ಸಿಲ್ಲಿನ ಹಿಂಬದಿಯ ಅಲ್ಯೂಮಿನಿಯಂ ಪಟ್ಟಿ. ಮುರಿದ ದನಿ, ಒಂದು ಬೀಸಿಗೆ ಬಂದು ಇನ್ನೊಂದಕ್ಕೆ ಬಾರದ ದನಿ ಸಿಕ್ಕ ಕಡೆಗಳಲ್ಲಿ ಮಾತ್ರ ಐಸ್‌ಕ್ರೀಮ್ ಕಡ್ಡಿ ನೆಟ್ಟು ಮುಂದೆ ಹೋಗುತ್ತಿದ್ದೆ. ಹಾಗೆ ನೆಟ್ಟದ್ದು ಎಂಟು.

ಸುತ್ತ ನಿಂತವರ ಉತ್ಸಾಹ ಅಷ್ಟರಲ್ಲಿ ಇಳಿದಿತ್ತು. ಯಾರೋ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು. ಕುಡಿದು ಮುಗಿಸಿ, ದಾರಗಳನ್ನು ಬಿಚ್ಚಿ ಅಗಲದ ದಿಕ್ಕಿಗೆ ಕಟ್ಟುವ ಬದಲು ಮೊದಲು ಆ ಎಂಟು ಕಡ್ಡಿಗಳ ಬಳಿ ಅಡ್ಡಲಾಗಿ ನಿಂತು ನೋಡಿದೆ. ಮೊದಲ ನಾಲ್ಕು ಬಿರಡೆಗಳು. ಅಂಚಿನ ಪರೀಕ್ಷೆಯಲ್ಲಿ ಗೊಗ್ಗರು ದನಿ ತೆಗೆದು ತಾವೇ ಒಪ್ಪಿಕೊಂಡವು. ಐದನೆಯದು ಮೇಪಲ್ ಮರದಿಂದ ಆರೇಳು ಹೆಜ್ಜೆ ಈಚೆ, ಹಗ್ಗ ಎಳೆಯುವವರ ಹಿಮ್ಮಡಿ ಊರಿ ನೆಲ ಕಿತ್ತುಬಂದಿದ್ದ ಜಾಗ. ಉದ್ದಕ್ಕೆ ಬೀಸಿದಾಗ ಅಲ್ಲಿ ಬರುತ್ತಿದ್ದದ್ದು ಗೊಗ್ಗರು ಬೆರೆತ ಒಂದು ಬಿಕ್ಕಳಿಕೆ ಮಾತ್ರ. ಅಡ್ಡಕ್ಕೆ ಬೀಸಿದಾಗ ಎಡಗಡೆ ಗೊಗ್ಗರು, ಒಂದು ಎಳೆಯಷ್ಟು ಬಿಡುವು, ಬಲಗಡೆ ಎತ್ತರದ ದನಿ. ವಾಪಸ್ ಬೀಸಿದರೆ ಅದೇ ಕ್ರಮ ತಿರುವುಮುರುವು. ಸಂಖ್ಯೆ 14, 16, 19, ಮತ್ತೆ 16.

ಕೈ ಹಾಕುವ ಮುಂಚೆ ಒಂದು ಕೆಲಸ ಮಾಡಿದೆ. ಸುತ್ತ ನಿಂತವರಿಗೆ ಇದು ಹಿಡಿಸಲಿಲ್ಲ. ಕಾಯಿಲ್ ಬಿಚ್ಚಿ 11 ಇಂಚಿನದನ್ನು ಮತ್ತೆ ಸಿಕ್ಕಿಸಿ, ಶನಿವಾರದ ಸೆಟ್ಟಿಂಗುಗಳನ್ನೇ ಹಾಕಿ, ಅದೇ ಜಾಗದ ಮೇಲೆ ಎರಡೂ ದಿಕ್ಕಿನಲ್ಲಿ ಬೀಸಿದೆ. ಟ್ಯಾಬಿನ ಸಾಲು ಮೌನವಾಗಿದ್ದಾಗ ಏನೇನೂ ಇಲ್ಲ. ಅದನ್ನು ತೆರೆದು ಕಬ್ಬಿಣ ಮಾತ್ರ ಮೌನಗೊಳಿಸಿದಾಗ ಉದ್ದದ ದಿಕ್ಕಿನಲ್ಲಿ ಒಂದು ಚಿಟುಕು, ಅಡ್ಡ ದಿಕ್ಕಿನಲ್ಲಿ ಮೂರು ಬೀಸಿಗೊಮ್ಮೆ ಹರಿದ ದನಿ. ಶನಿವಾರ ಸಂಜೆ ನಾನು ಉದ್ದದ ದಿಕ್ಕಿನಲ್ಲಷ್ಟೇ ನಡೆದಿದ್ದೆ. ಅಂದರೆ ಖಂಡಿತ ಈ ಉಂಗುರದ ಮೇಲೆಯೇ ದಾಟಿಹೋಗಿದ್ದೆ.

ಹುಲ್ಲನ್ನು ಎರಡು ಬೆರಳಿನಿಂದ ಬಾಚಿ ಬಿಡಿಸಿದಾಗ ಮೊದಲು ಕಂಡದ್ದು ತುಕ್ಕಿನ ಬಿರಡೆ, ಅರ್ಧ ನೆಲದೊಳಗೆ. ಅದರ ಮುಂದೆ ಮೂರು ಬೆರಳಿನಷ್ಟು ದೂರದಲ್ಲಿ, ಹಿಮ್ಮಡಿಯ ಕುಳಿಯ ಅಂಚಿಗೆ ಮಣ್ಣಿನಲ್ಲಿ ಒತ್ತಿಕೊಂಡು ವಂಕಿ ಕೂತಿತ್ತು. ಮೇಲೆ ಒಂದು ಸೆಂಟಿಮೀಟರಿನಷ್ಟು ಮಣ್ಣು. ಯಾರದೋ ಕಾಲಿಗೆ ಸಿಕ್ಕಿ ಅದರ ಮೊನೆ ತುಸು ಒಳಕ್ಕೆ ಬಾಗಿತ್ತು. ತೊಳೆದು, ಮಂಟಪದ ಮರದ ಬೆಂಚಿನ ಮೇಲಿಟ್ಟು, ಸುತ್ತ ಏನೂ ಲೋಹವಿಲ್ಲದಂತೆ ನೋಡಿಕೊಂಡು ಚಿಕ್ಕ ಕಾಯಿಲಿನಿಂದ ಅಳೆದಾಗ ಸಂಖ್ಯೆ ಅಲುಗಾಡದೆ 17ರಲ್ಲಿ ನಿಂತಿತು. ಹೆಂಡತಿಯ ವಂಕಿಯದೂ ಅಷ್ಟೇ ಇತ್ತು.

ಉಳಿದ ಮೂರು ಕಡ್ಡಿಗಳ ಕೆಳಗೆ ಏನಿತ್ತೆಂದು ನಾನು ನೋಡಲಿಲ್ಲ. ಕಡ್ಡಿಗಳನ್ನು ಕಿತ್ತು, ದಾರ ಸುತ್ತಿ, ಎರಡು ದಿನದಲ್ಲಿ ಹೆಕ್ಕಿದ ಟ್ಯಾಬು ಬಿರಡೆಗಳನ್ನೆಲ್ಲ ಪಾರ್ಕಿನ ಕಸದ ಡಬ್ಬಿಗೆ ಸುರಿದು ಹೊರಟೆವು.